ಪೀಪಾಯಿಯೊಳಗಿನ ಮೇಷ್ಟ್ರು

ನಮ್ಮ ಮನೆಯ ಷೋಕೇಸಿನಲ್ಲಿ, ಮಗಳ ಭರತನಾಟ್ಯದ ಷೀಲ್ಡಿಗೂ ಧರ್ಮಸ್ಥಳದಿಂದ ತಂದ ಮಂಜುನಾಥಸ್ವಾಮಿಯ ಫೋಟೋಗೂ ನಡುವೆ, ಕರೀ ಪ್ಲಾಸ್ಟಿಕ್ಕಿನ ಗಿಡ್ಡ ಪೀಪಾಯಿಯೊಂದು ಕುಳಿತಿದೆ. ಬಂದವರ ಕಣ್ಣೆಲ್ಲ ಅದರ ಮೇಲೇ. ಉಪ್ಪಿನಕಾಯಿಯನ್ನು ಷೋಕೇಸಿನಲ್ಲಿಡುವ ಸಂಸಾರ ಇದು ಎಂದುಕೊಂಡು, ಪಾಪ, ಏನೂ ಕೇಳದೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಕೇಳಿದರೆ ಹೇಳೋಣವೆಂದು ನಾನು ತುದಿಗಾಲಲ್ಲಿ ನಿಂತಿರುತ್ತೇನೆ. ಕೇಳದಿದ್ದರೂ ಹೇಳುತ್ತೀರಿ ಎನ್ನುವುದು ನನ್ನ ಹೆಂಡತಿಯ ದೂರು.

ಅದು ‘ಬ್ರೇಕಿಂಗ್ ಬ್ಯಾಡ್’ ಎಂಬ ಅಮೆರಿಕದ ಧಾರಾವಾಹಿಯ ಸಮಗ್ರ ಬ್ಲೂ-ರೇ ಸಂಪುಟ. 2008ರ ಜನವರಿಯಲ್ಲಿ ಎಎಂಸಿ ವಾಹಿನಿಯಲ್ಲಿ ಶುರುವಾಗಿ 2013ರ ಸೆಪ್ಟೆಂಬರಿನಲ್ಲಿ ಮುಗಿದ 62 ಕಂತುಗಳನ್ನು ಸೋನಿಯವರು ಅದೇ ವರ್ಷದ ನವೆಂಬರಿನಲ್ಲಿ 16 ಡಿಸ್ಕುಗಳಿಗಿಳಿಸಿ, ಪೀಪಾಯಿಯಲ್ಲಿ ತುಂಬಿ ಮಾರಿದರು. ಪೀಪಾಯಿಯೇ ಯಾಕೆಂದರೆ, ಕಥಾನಾಯಕ ವಾಲ್ಟರ್ ವೈಟ್ ತನ್ನ ಪಾಪದ ಗಳಿಕೆಯಾದ 8 ಕೋಟಿ ಡಾಲರನ್ನು ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ 7 ಪೀಪಾಯಿಗಳಲ್ಲಿ ಹೂತಿಟ್ಟಿರುತ್ತಾನೆ. ಕಳ್ಳರನ್ನು ಮೀರಿಸಿದ ಕಳ್ಳರು ಬಂದು ಆರನ್ನು ಎತ್ತಿಕೊಂಡು ಹೋಗಿ, ಒಂದನ್ನು ಅವನಿಗೇ ಬಿಟ್ಟುಕೊಡುತ್ತಾರೆ. ಹಾಗೆ ಉಳಿದದ್ದರ ಮರಿ ನಮ್ಮ ಮನೆಯಲ್ಲಿರುವುದು. ಧಾರಾವಾಹಿಯಲ್ಲಿ ಪೀಪಾಯಿಗೆ ಇನ್ನೊಂದು ಉಪಯೋಗವೂ ಇದೆ, ಆಮ್ಲ ಹಾಕಿ ಹೆಣ ಕರಗಿಸುವುದು. ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಪೀಪಾಯಿಯನ್ನು ಆಗಲೇ ಹುಣಸೆಹಣ್ಣಿಗೆ ಗೊತ್ತುಮಾಡಿಕೊಂಡಿದ್ದಾಳೆ.

ವಾಲ್ಟರ್ ವೈಟನ ಮೇಲೆ ನನಗೆ ಇಷ್ಟು ಮಮಕಾರ ಯಾಕೆಂದರೆ, ಅವನೂ ಕೆಮಿಸ್ಟ್ರಿ ಮೇಷ್ಟ್ರು, ನಾನೂ ಕೆಮಿಸ್ಟ್ರಿ ಮೇಷ್ಟ್ರು. ಅವನು ಆಲ್ಬುಕರ್ಕಿಯ ಹೈಸ್ಕೂಲಿನಲ್ಲಿ, ನಾನು ಮೈಸೂರಿನ ಪಿಯು ಕಾಲೇಜಿನಲ್ಲಿ. ಅವನ ಪಾಠಕ್ಕೂ ಮಕ್ಕಳು ಆಕಳಿಸುತ್ತಾರೆ. ಸಂಬಳ ಸಾಲದೆ ಅವನು ಸಂಜೆ ಕಾರು ತೊಳೆಯುವ ಅಂಗಡಿಗೆ ಹೋದರೆ, ಅಲ್ಲಿ ಅವನ ವಿದ್ಯಾರ್ಥಿಯ ಕಾರೇ ಬರುತ್ತದೆ. ನನ್ನ ಕೈಯಲ್ಲಿ ಸಪ್ಲಿಮೆಂಟರಿ ಬರೆದೂ ಬರೆದೂ ಪಾರಾದ ಹುಡುಗನೊಬ್ಬ ಮೊನ್ನೆ ಮಳೆಯಲ್ಲಿ ದೊಡ್ಡ ಕಾರು ನಿಲ್ಲಿಸಿ, “ಬನ್ನಿ ಸಾರ್, ಡ್ರಾಪ್ ಕೊಡ್ತೀನಿ” ಎಂದಾಗ ನಾನು ಛತ್ರಿ ಬಿಚ್ಚಿ, “ವಾಕಿಂಗು ಕಣಯ್ಯ” ಎಂದೆ. ಮಳೆಯಲ್ಲಿ ವಾಕಿಂಗು! ಈ ಅಭಿಮಾನ ಮೇಷ್ಟ್ರುಗಳಿಗಷ್ಟೇ ಅರ್ಥವಾಗುವಂಥದ್ದು.

ಶೀರ್ಷಿಕೆ ಬರುವಾಗಲೇ ನನ್ನ ಎದೆ ಉಬ್ಬುತ್ತದೆ. ಹಸಿರು ಚೌಕದಲ್ಲಿ ಬ್ರೋಮಿನ್ ಸಂಕೇತ, ಕೆಳಗೆ ಬೇರಿಯಮ್ ಸಂಕೇತ. ಬ್ರೋಮಿನ್ನಿನ ಪರಮಾಣು ಸಂಖ್ಯೆ 35. ಬಹುಕಾಲ ನಮ್ಮ ಪಿಯುಸಿಯಲ್ಲಿ ಪಾಸಾಗಲು ಬೇಕಿದ್ದದ್ದೂ ಅಷ್ಟೇ ಅಂಕ. ಕಂತುಗಳು ಒಟ್ಟು 62. ಸಮೇರಿಯಮ್ಮಿನ ಪರಮಾಣು ಸಂಖ್ಯೆಯೂ 62, ಅದರ ಒಂದು ಐಸೋಟೋಪನ್ನು ಕ್ಯಾನ್ಸರ್ ಮೂಳೆಗಿಳಿದವರ ನೋವು ಶಮನಕ್ಕೆ ಕೊಡುತ್ತಾರೆ, ವಾಲ್ಟರನಿಗೂ ಕ್ಯಾನ್ಸರೇ! ಇದನ್ನು ನಾನು ಸ್ಟಾಫ್‌ ರೂಮಿನಲ್ಲಿ ಹೇಳಿದೆ, ಹಾಲಿನವನಿಗೆ ಹೇಳಿದೆ. ಹಾಲಿನವನು ತಾಳ್ಮೆಯಿಂದ ಕೇಳಿ, “ಹಂಗಾದ್ರೆ ಈ ತಿಂಗಳದ್ದು ಯಾವಾಗ ಕೊಡ್ತೀರಾ ಸಾ?” ಎಂದ.

ಪೀಪಾಯಿ ಬಂದದ್ದು ನ್ಯೂಜೆರ್ಸಿಯ ಭಾವಮೈದನಿಂದ. ನನ್ನ ವಾಲ್ಟರ್‌ಭಕ್ತಿ ಕಂಡು ಸೂಟ್‌ಕೇಸಿನಲ್ಲಿ ಹೊತ್ತು ತಂದ. ಅದರ ಬೆಲೆ 300 ಡಾಲರಿನ ಹತ್ತಿರ ಎಂದು ಅವನ ಬಾಯಿಂದ ಜಾರಿದ್ದೇ ತಡ, ನನ್ನ ಹೆಂಡತಿ ಅಡುಗೆಮನೆಯಿಂದಲೇ ರೂಪಾಯಿಗೆ ಇಳಿಸಿ, ಅಷ್ಟಕ್ಕೆ ಎಂಥ ವಾಷಿಂಗ್ ಮೆಷೀನು ಬರುತ್ತಿತ್ತು ಎಂಬುದನ್ನೂ ಸೇರಿಸಿ ಹೇಳಿದಳು. ಭಾವಮೈದ ನಕ್ಕು, “ಭಾವ, ನಿಮ್ಮನೇಲಿ ಬ್ಲೂ-ರೇ ಪ್ಲೇಯರ್ ಇದೆಯಾ? ಇಲ್ಲಾಂದ್ರೆ ಅದನ್ನೂ ಕೊಡಿಸಿಬಿಡ್ತೀನಿ” ಎಂದ.

ಹೆಂಡತಿಯ ತಮ್ಮ. ನನ್ನ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಲಾಡು ಕದ್ದವನು. “ಛೆ ಛೆ, ಪ್ಲೇಯರ್ ನಾವೇ ನೋಡಿದೀವಿ, ಬುಕ್ ಮಾಡೋದೊಂದು ಬಾಕಿ” ಎಂದುಬಿಟ್ಟೆ.

ಅದು ಇವತ್ತಿಗೂ ಬಾಕಿಯೇ. ಮನೆಯಲ್ಲಿದ್ದದ್ದು ಹಳೆಯ ಡಿವಿಡಿ ಪ್ಲೇಯರು. ಬ್ಲೂ-ರೇ ತಟ್ಟೆ ಹಾಕಿದರೆ ಅದು ಅಜೀರ್ಣವಾದವರಂತೆ ಒಂದಷ್ಟು ಗೊರಗುಟ್ಟಿ ಹೊರಗೆ ಚಾಚುತ್ತದೆ. “ಯಾಕೆ ಓಡ್ತಿಲ್ಲ?” ಎಂದು ಇವಳು ಕೇಳಿದ್ದಕ್ಕೆ ನಾನು ಸೀಮೆಸುಣ್ಣವಿಲ್ಲದ ಕೊರತೆಯೊಂದನ್ನು ಬಿಟ್ಟರೆ ಪೂರ್ಣ ಪೀರಿಯಡ್ಡೇ ತೆಗೆದುಕೊಂಡೆ. ಡಿವಿಡಿಯ ಲೇಸರ್ ಕೆಂಪು, 650 ನ್ಯಾನೋಮೀಟರ್. ಬ್ಲೂ-ರೇಯದು ನೀಲಿ-ನೇರಳೆ, 405 ನ್ಯಾನೋಮೀಟರ್. ಅಲೆ ಚಿಕ್ಕದಾದಷ್ಟೂ ಅಕ್ಷರ ಸಣ್ಣಗೆ ಬರೆಯಬಹುದು. ಆದ್ದರಿಂದಲೇ ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಹಿಡಿದರೆ ಇದರಲ್ಲಿ 25 ಜಿಬಿ. ಇವಳು ಎಲ್ಲ ಕೇಳಿ, “ಒಟ್ಟಿನಲ್ಲಿ ಪ್ಲೇಯರ್ ಇಲ್ಲ” ಎಂದಳು. ವಿಷಯವನ್ನು ಹೀಗೆ ಒಂದು ಅಂಕದ ಉತ್ತರಕ್ಕಿಳಿಸುವುದು ನನಗೆ ಹಿಡಿಸುವುದಿಲ್ಲ.

ಕೊನೆಗೆ ಮಗಳ ನೆಟ್‌ಫ್ಲಿಕ್ಸಿನಲ್ಲಿ ಮನೆಮಂದಿಯೆಲ್ಲ ನೋಡಿದೆವು. ಷೋಕೇಸಿನಲ್ಲಿ ಪೀಪಾಯಿ, ಎದುರಿಗೆ ಟಿವಿಯಲ್ಲಿ ಅದೇ ಕಥೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಮಗಳೇ ಪಕ್ಕದಲ್ಲಿ ಕುಳಿತು ಕಥೆ ಹೇಳುತ್ತಿದ್ದಳು. ಆ ಮೇಷ್ಟ್ರು ಬಯಲಿನಲ್ಲಿ ವ್ಯಾನು ನಿಲ್ಲಿಸಿ, ಪ್ಯಾಂಟು ಬಿಚ್ಚಿಟ್ಟು, ಬರೀ ಒಳಚಡ್ಡಿಯಲ್ಲಿ ಏನು ಬೇಯಿಸುತ್ತಿದ್ದಾನೆ ಎಂದು ಅಮ್ಮ ಕೇಳಿದಳು. ಮಾದಕದ್ರವ್ಯ ಎಂದರೆ ಟಿವಿ ಆರಿಸಬೇಕಾಗುತ್ತದೆ. ಮುಂದೆ ನೀಲಿ ಹರಳುಗಳು ಟ್ರೇ ತುಂಬಿದ್ದು ಕಂಡು ಮಗಳು, “ಕಲ್ಲುಸಕ್ಕರೆ ಅಜ್ಜಿ” ಎಂದಳು. ಅವಳು ಹೇಳಿದ್ದು ಒಂದು ರೀತಿಯಲ್ಲಿ ನಿಜವೇ. ಚಿತ್ರೀಕರಣಕ್ಕೆ ಆಲ್ಬುಕರ್ಕಿಯ ಮಿಠಾಯಿ ಅಂಗಡಿಯೊಂದರಲ್ಲಿ ಸಕ್ಕರೆಯನ್ನೇ ನೀಲಿ ಬಣ್ಣ ಹಾಕಿ ಹರಳುಗಟ್ಟಿಸಿ ಕೊಟ್ಟಿದ್ದರು.

“ಕಲ್ಲುಸಕ್ಕರೆಗೆ ಇಷ್ಟೊಂದು ಗುಂಡು ಹಾರಿಸ್ತಾರಾ?” ಎಂದು ಅಮ್ಮ.

“ಅಮೆರಿಕದಲ್ಲಿ ಡಯಾಬಿಟೀಸ್ ಜಾಸ್ತಿ ಅಜ್ಜಿ, ಬ್ಯಾನ್ ಮಾಡಿದಾರೆ.”

ಅಮ್ಮ ಒಪ್ಪಿಕೊಂಡಳು. ಅವಳಿಗೂ ಡಾಕ್ಟರು ಹಾಗೇ ಮಾಡಿದ್ದಾರೆ. ಅಲ್ಲಿಂದಾಚೆಗೆ ಅವಳ ಕರುಣೆಯೆಲ್ಲ ವಾಲ್ಟರನ ಕಡೆಗೇ.

ಎರಡನೆಯ ಕಂತಿನಲ್ಲಿ ವಾಲ್ಟರನ ಶಿಷ್ಯ ಜೆಸ್ಸಿ, ಪ್ಲಾಸ್ಟಿಕ್ ಪಾತ್ರೆ ತಾ ಎಂದರೆ ತರದೆ, ಸ್ನಾನದ ತೊಟ್ಟಿಯಲ್ಲೇ ಹೈಡ್ರೋಫ್ಲೋರಿಕ್ ಆಮ್ಲ ಸುರಿಯುತ್ತಾನೆ. ತೊಟ್ಟಿ, ನೆಲ, ಹೆಣ ಎಲ್ಲ ಒಟ್ಟಿಗೆ ಕೆಳಮನೆಗೆ ಇಳಿಯುತ್ತವೆ. ಅಲ್ಲಿ ನಾನು ಟಿವಿ ನಿಲ್ಲಿಸಿದೆ. “ನೋಡಿ, ಈ ಆಮ್ಲವನ್ನ ಗಾಜಿನ ಬಾಟ್ಲಲ್ಲಿ ಇಡೋ ಹಾಗಿಲ್ಲ, ಯಾಕೆ? ಸಿಲಿಕಾನೇ ತಿನ್ನುತ್ತೆ. ಎಷ್ಟು ಸಲ ಪರೀಕ್ಷೆಗೆ ಬಂದಿದೆ!” ಎಂದೆ. ತೊಟ್ಟಿ ಹೀಗೆ ಕರಗಿ ಬೀಳುವುದಿಲ್ಲ ಎಂದು ‘ಮಿಥ್‌ಬಸ್ಟರ್ಸ್’ನವರು 2013ರಲ್ಲಿ ಮಾಡಿ ತೋರಿಸಿದ್ದನ್ನೂ ಹೇಳಿದೆ. ಇವಳು ಕಣ್ಣರಳಿಸಿ ಕೇಳುತ್ತಿದ್ದಾಳೆ ಎಂದುಕೊಂಡೆ. “ಸರಿ, ನಮ್ಮ ಬಾತ್‌ರೂಮ್ ಟೈಲ್ಸಿನ ಕಲೆ ಯಾವುದರಲ್ಲಿ ಹೋಗುತ್ತೆ ಹೇಳಿ” ಎಂದಳು. ನಾನು ಟಿವಿ ಮುಂದಕ್ಕೆ ಓಡಿಸಿದೆ.

ಮೂರನೆಯ ಸೀಸನ್ನಿನ ನೊಣದ ಕಂತು ಇವಳಿಗೆ ಬಹಳ ಹಿಡಿಸಿತು. ಬಜೆಟ್ಟು ಮಿತಿಮೀರಿತ್ತೆಂದು ಹೆಚ್ಚುಕಡಿಮೆ ಒಂದೇ ಸೆಟ್ಟಿನಲ್ಲಿ ಮುಗಿಸಿದ, ರಯನ್ ಜಾನ್ಸನ್ ನಿರ್ದೇಶಿಸಿದ ಕಂತು ಅದು. ಲ್ಯಾಬಿಗೆ ನೊಣವೊಂದು ನುಗ್ಗಿದೆ, ಅದನ್ನು ಹೊಡೆಯದೆ ಕೆಲಸ ಶುರುಮಾಡುವುದಿಲ್ಲ ಎಂದು ಮೇಷ್ಟ್ರ ಹಟ. ಇಡೀ ಕಂತು ಅಷ್ಟೇ. ವಿಮರ್ಶಕರು ಅದರಲ್ಲಿ ಪಾಪಪ್ರಜ್ಞೆ ಕಂಡಿದ್ದಾರೆ. ಇವಳು ಕಂಡದ್ದು ಸೊಳ್ಳೆಬ್ಯಾಟು ಹಿಡಿದು ಮಂಚದ ಮೇಲೆ ನಿಲ್ಲುವ ನನ್ನನ್ನು. “ಇದನ್ನ ಬರೆದವರು ನಮ್ಮನೇಗೆ ಬಂದಿದ್ರಾ?” ಎಂದು ಕೇಳಿದಳು.

ಆದರೆ ಮನೆಯಲ್ಲಿ ನಿಜವಾದ ಜಗಳ ಹತ್ತಿದ್ದು ಐದನೆಯ ಕಂತಿಗೇ. ವಾಲ್ಟರನ ಹಳೆಯ ಗೆಳೆಯ ಎಲಿಯಟ್ ಈಗ ಕುಬೇರ. ಇಬ್ಬರೂ ಕೂಡಿ ಕಟ್ಟಿದ ಕಂಪನಿಯಲ್ಲಿ ತನ್ನ ಪಾಲನ್ನು ವಾಲ್ಟರ್ ಹಿಂದೆ 5,000 ಡಾಲರಿಗೆ ಕೊಟ್ಟು ಎದ್ದು ಬಂದಿದ್ದಾನೆ. ಮುಂದೆ ಅದು 216 ಕೋಟಿ ಡಾಲರ್ ಬೆಲೆ ಬಾಳುತ್ತದೆ. ಆ ಗೆಳೆಯ ಕರೆದು ಕೆಲಸ ಕೊಡುತ್ತೇನೆ, ವಿಮೆ ಕೊಡುತ್ತೇನೆ ಎನ್ನುತ್ತಾನೆ. ಅವನ ಹೆಂಡತಿಯೂ ಚಿಕಿತ್ಸೆಯ ಖರ್ಚು ನಮ್ಮದೇ ಎನ್ನುತ್ತಾಳೆ. ವಾಲ್ಟರ್ ಒಲ್ಲೆ ಎನ್ನುತ್ತಾನೆ. ಮನೆಯಲ್ಲಿ ಮಾತ್ರ, ಅವರೇ ದುಡ್ಡು ಕೊಡುತ್ತಿದ್ದಾರೆ ಎಂದು ಸುಳ್ಳು ಹೇಳಿ, ವಿಷ ಬೇಯಿಸಲು ಹೊರಡುತ್ತಾನೆ.

“ಅಯ್ಯೋ, ಇವನ ಮನೆ ಹಾಳಾಗ! ಹೂಂ ಅಂದಿದ್ರೆ ಕಥೆ ಇಲ್ಲಿಗೇ ಮುಗೀತಿತ್ತಲ್ಲೋ” ಎಂದಳು ಅಮ್ಮ. ಉಳಿದ ಕಂತುಗಳಿಗೆಲ್ಲ ಸೇರಿಸಿ ಇಷ್ಟು ಚಿಕ್ಕ ವಿಮರ್ಶೆ ನಾನು ಬೇರೆಲ್ಲೂ ಕಂಡಿಲ್ಲ.

ನಾನು ಸ್ವಾಭಿಮಾನದ ಪರವಾಗಿ ವಾದಕ್ಕಿಳಿದೆ. ಗಂಡಸಿಗೆ ಮರ್ಯಾದೆ ಅಂತ ಒಂದಿರುತ್ತದೆ, ಅವನು ಮಾಡಿದ್ದೆಲ್ಲ ಹೆಂಡತಿ ಮಕ್ಕಳಿಗೋಸ್ಕರ, ಇತ್ಯಾದಿ. ಇವಳು ಮಾತಾಡಲಿಲ್ಲ, ಷೋಕೇಸಿನ ಕಡೆ ನೋಡಿದಳು. ಆಮೇಲೆ ಪ್ಲೇಯರ್ ಇಡಲೆಂದು ನಾನು ಖಾಲಿ ಮಾಡಿಸಿಟ್ಟಿದ್ದ ಜಾಗದ ಕಡೆ ನೋಡಿದಳು. ಅಲ್ಲೀಗ ಇಸ್ತ್ರಿಗೆ ಕೊಡುವ ಬಟ್ಟೆಯಿದೆ. ಕೊನೆಯ ಕಂತಿನಲ್ಲಿ ವಾಲ್ಟರ್ ಹೆಂಡತಿಯ ಮುಂದೆ ನಿಂತು, ಮಾಡಿದ್ದೆಲ್ಲ ನನಗೋಸ್ಕರವೇ ಎಂದು ತಾನೇ ಒಪ್ಪಿಕೊಂಡಾಗ, ಇವಳ ಮುಖದಲ್ಲಿದ್ದ ಕಳೆಯನ್ನು ನಾನು ವರ್ಣಿಸಲಾರೆ. ವಿನ್ಸ್ ಗಿಲ್ಲಿಗನ್ ಎಂಬ ಆ ಕತೆಗಾರ ಸಾಧು ಮೇಷ್ಟ್ರನ್ನು ರಾಕ್ಷಸ ಮಾಡಬೇಕೆಂದೇ ಹೊರಟವನಂತೆ, ಮಾಡಿಕೊಳ್ಳಲಿ. ಕೊನೆಗೆ ಆ ಒಂದು ಮಾತು ಆಡಿಸದೆ ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು.

ಪೀಪಾಯಿಯೊಳಗೆ ಡಿಸ್ಕುಗಳ ಜೊತೆಗೆ ಒಂದು ನಾಣ್ಯ, ಒಂದು ಪುಸ್ತಿಕೆ, ‘ಲೋಸ್ ಪೋಯೋಸ್ ಎರ್ಮಾನೋಸ್’ ಎಂಬ ಕಥೆಯೊಳಗಿನ ಚಿಕನ್ ಹೋಟೆಲಿನ ಏಪ್ರನ್ನೂ ಇತ್ತು. ಏಪ್ರನ್ನಿನ ಮೇಲೆ ಜೋಡಿ ಕೋಳಿ. ಗೌರಿಹಬ್ಬದ ದಿನ ಸಹಾಯ ಮಾಡೋಣವೆಂದು ನಾನದನ್ನು ಕಟ್ಟಿಕೊಂಡು ಅಡುಗೆಮನೆಗೆ ಕಾಲಿಟ್ಟೆ. ನೈವೇದ್ಯದ ಒಬ್ಬಟ್ಟು ಬೇಯಿಸುತ್ತಿದ್ದ ಅಮ್ಮ ಕೋಳಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆ ದಿನ ನನಗೆ ಅಡುಗೆಮನೆಯ ಯಾವ ಕೆಲಸವೂ ಬೀಳಲಿಲ್ಲ. ಈಗ ಪ್ರತಿ ಹಬ್ಬಕ್ಕೂ ತಪ್ಪದೆ ಕಟ್ಟಿಕೊಳ್ಳುತ್ತೇನೆ.

ಈ ಡಿಸೆಂಬರಿನಲ್ಲಿ ಭಾವಮೈದ ಮತ್ತೆ ಬಂದ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, “ಭಾವ, ಆ ಸೆಟ್ಟಲ್ಲಿ ಬೇರೆ ಕ್ಲೈಮ್ಯಾಕ್ಸ್ ಒಂದಿದೆಯಲ್ಲ, ಹಾಕಿ ನೋಡೋಣ” ಎಂದ. ಇದೆ. ವಾಲ್ಟರನ ಪಾತ್ರ ಮಾಡಿದ ಬ್ರಯಾನ್ ಕ್ರಾನ್‌ಸ್ಟನ್ ತನ್ನ ಹಳೆಯ ಹಾಸ್ಯ ಧಾರಾವಾಹಿ ‘ಮಾಲ್ಕಮ್ ಇನ್ ದ ಮಿಡ್ಲ್’ನ ಗಂಡನಾಗಿ, ಅದೇ ಹೆಂಡತಿಯ ಪಕ್ಕದಲ್ಲಿ ಬೆಚ್ಚಿ ಎದ್ದು ಕೂರುತ್ತಾನೆ, ನಡೆದದ್ದೆಲ್ಲ ಕೆಟ್ಟ ಕನಸು. ನನಗೂ ಹಾಗೆ ಎದ್ದು ಕೂರಬೇಕೆನಿಸಿತು.

“ಓ ಧಾರಾಳವಾಗಿ” ಎಂದು ಪೀಪಾಯಿ ಇಳಿಸಿದೆ. ನಿಧಾನವಾಗಿ ಒರೆಸಿದೆ. 405 ನ್ಯಾನೋಮೀಟರಿನ ಪಾಠ ತೆಗೆದೆ. ಕ್ಲ್ಯಾರಿಟಿ ಅಂದರೆ ಕ್ಲ್ಯಾರಿಟಿ, ಮರುಭೂಮಿಯ ಒಂದೊಂದು ಮರಳೂ ಎಣಿಸಬಹುದು ಎಂದೆ. ಅಷ್ಟರಲ್ಲಿ ಮಂಜುನಾಥಸ್ವಾಮಿ ಕಣ್ಣು ಬಿಟ್ಟ, ಬೀದಿದೀಪವೂ ಸೇರಿ ಕರೆಂಟು ಹೋಯಿತು.

“ಛೇ ಛೇ, ಎಂಥ ಹೊತ್ತಲ್ಲಿ!” ಎಂದು ನಾನು ಡಿಸ್ಕನ್ನು ಒಳಗಿಡತೊಡಗಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

“ಇನ್ವರ್ಟರ್ ಇದೆಯಲ್ರೀ,” ಎಂದಳು ಇವಳು, ತಮ್ಮನಿಗೆ ಬಾಳೆಹಣ್ಣು ಕೊಡುತ್ತ, “ಟಿವಿಗೂ ಕನೆಕ್ಷನ್ ಕೊಡಿಸಿದೀನಿ ಅಂತ ನೀವೇ ಹೇಳಿದ್ರಿ.”