ಖಾಲಿ ಕುರ್ಚಿಯನ್ನು ಕೆಳಗಿಳಿಸುವ ವಿಧಾನ: ಉತ್ತರ ಬೆಂಗಳೂರನ್ನು ಕುರಿತ ಶಾಸ್ತ್ರವಿಚಾರ

ಗೆದ್ದವರು ಸರಿಯಿಲ್ಲವೆಂದರೆ ಅವಧಿಯ ನಡುವೆಯೇ ಮನೆಗೆ ಕಳಿಸುವ ಹಕ್ಕನ್ನು 1974ರಲ್ಲೇ ಜಯಪ್ರಕಾಶ ನಾರಾಯಣರು ಕೇಳಿದ್ದರು. ಮಧ್ಯಪ್ರದೇಶದವರು ನಗರಸಂಸ್ಥೆಗಳ ಅಧ್ಯಕ್ಷರ ಮಟ್ಟಿಗೆ ಅದನ್ನು ಕಾನೂನೇ ಮಾಡಿದರು. ಮುಕ್ಕಾಲುಪಾಲು ಸದಸ್ಯರು ಸಹಿ ಹಾಕಿದ ಮೇಲೆ ಜನರ ಸರದಿ. ಚಿಹ್ನೆಗಳು ಎರಡೇ: ತುಂಬಿದ ಕುರ್ಚಿ, ಖಾಲಿ ಕುರ್ಚಿ. ಖಾಲಿ ಕುರ್ಚಿ ಗೆದ್ದರೆ ಅಧ್ಯಕ್ಷರು ಎದ್ದು ಹೋಗಬೇಕು. ಇದೇ ಪದ್ಧತಿಯಿದ್ದ ಛತ್ತೀಸಗಢದಲ್ಲಿ 2008ರಲ್ಲಿ ಮೂವರು ಹೀಗೆ ಎದ್ದು ಹೋದರು.

ಈ ಶಾಸ್ತ್ರವನ್ನು ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಿಗೆ ಅನ್ವಯಿಸಹೊರಟ ಪ್ರಸ್ತುತ ಸಂಶೋಧಕನಿಗೆ (ಸಂಶೋಧನೆ 2025ರ ಅಂತ್ಯದ ಸ್ಥಿತಿಗೆ ಸೀಮಿತ) ಸಣ್ಣ ತೊಡಕೊಂದು ಎದುರಾಯಿತು. ಇಳಿಸೋಣವೆಂದರೆ ಯಾರೂ ಇಲ್ಲ. ಬಿಬಿಎಂಪಿಯ 198 ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಿ ಎನ್ನುತ್ತದೆ ಸಂವಿಧಾನದ 243ಯು ವಿಧಿ. ಅದನ್ನು ಸುಭಾಷಿತವೆಂದು ಓದುವ ಪರಂಪರೆ ನಮ್ಮಲ್ಲಿದೆ. 2006ರ ಕೊನೆಯಿಂದ 2010ರ ಮಾರ್ಚ್‌ವರೆಗೂ ಹಾಗೆಯೇ ಓದಲಾಗಿತ್ತು.

ಇಲ್ಲದ್ದನ್ನು ಅಧ್ಯಯನ ಮಾಡಲು ನ್ಯಾಯಶಾಸ್ತ್ರವೇ ಗತಿ. ಅದು ಅಭಾವವನ್ನು ನಾಲ್ಕು ಬಗೆ ಮಾಡುತ್ತದೆ. ಇದ್ದು ಹೋದದ್ದು ಪ್ರಧ್ವಂಸಾಭಾವ: ಮೇಲೆ ಹೇಳಿದ 198 ಮಂದಿ. ಇನ್ನೂ ಹುಟ್ಟದಿರುವುದು ಪ್ರಾಗಭಾವ: ಗಡಿ ಗೆರೆ ಎಳೆದು ಹೆಸರಿಟ್ಟ ವಾರ್ಡುಗಳ ಭಾವೀ ಸದಸ್ಯರು. ಎಂದೆಂದಿಗೂ ಇಲ್ಲದ್ದು ಅತ್ಯಂತಾಭಾವ; ಉದಾಹರಣೆ ಬೇಕಾದವರು ಬೆಳಗ್ಗೆ ಒಂಬತ್ತಕ್ಕೆ ಹೆಬ್ಬಾಳ ಮೇಲ್ಸೇತುವೆಯಲ್ಲಿ ಖಾಲಿ ಲೇನ್ ಹುಡುಕಬಹುದು. ‘ಇದು ಅದಲ್ಲ’ ಎಂಬುದು ಅನ್ಯೋನ್ಯಾಭಾವ. ಮೋರಿ ಕಟ್ಟಿಕೊಂಡಿದೆ ಎಂದು ಫೋನ್ ಮಾಡಿದಾಗ ‘ಅದು ನಮ್ಮ ಲಿಮಿಟ್ಟಿಗೆ ಬರಲ್ಲ ಸಾರ್’ ಎಂದು ಕೇಳಿಸುವುದೇ ಇದು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರತಂದಾಗ ಈ ನಾಲ್ಕೂ ಅಭಾವಗಳು ಏಕಕಾಲದಲ್ಲಿ ಅನುಭವಕ್ಕೆ ಬಂದವು. ಬೈಯಲಿಕ್ಕೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ನಿಷ್ಪಕ್ಷಪಾತವಾಗಿ ನೋಡಿದರೆ ಖಾಲಿ ಕುರ್ಚಿಯ ಸಾಧನೆ ದೊಡ್ಡದು. ಅದು ಪಕ್ಷಾಂತರ ಮಾಡಲಿಲ್ಲ, ರೆಸಾರ್ಟಿಗೆ ಹೋಗಲಿಲ್ಲ, ಒಂದೂ ಫ್ಲೆಕ್ಸ್ ಹಾಕಿಸಲಿಲ್ಲ. 2025ರ ಸೆಪ್ಟೆಂಬರ್ 10ಕ್ಕೆ ಐದು ವರ್ಷದ ಪೂರ್ಣಾವಧಿ ಮುಗಿಸಿತು. ಅದಕ್ಕೆ ಎಂಟು ದಿನ ಮೊದಲೇ ಬಡ್ತಿಯೂ ಸಿಕ್ಕಿತ್ತು: ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಮುಂದೆ ವಾರ್ಡುಗಳು 369ಕ್ಕೆ ಏರಿದವು. ಉತ್ತರ ಪಾಲಿಕೆಯೊಂದಕ್ಕೇ 72. ಕೆಲಸ ಮಾಡದೆ ಇಷ್ಟು ಬೆಳೆದವರು ರಾಜಕೀಯದಲ್ಲೂ ಕಡಿಮೆ.

ಪೂರ್ವಪಕ್ಷ: ಕುರ್ಚಿ ಖಾಲಿ ಎಲ್ಲಿದೆ? ಆಡಳಿತಾಧಿಕಾರಿ ಕೂತಿದ್ದಾರಲ್ಲ?

ಸಿದ್ಧಾಂತ: ಅದು ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ ಕುರ್ಚಿ, ಬೇರೆಯೇ ಪ್ರಭೇದ. ಅಲ್ಲಿ ಕೂತವರನ್ನು ಏಳಿಸುವ ಹಕ್ಕು ಆಗಲೇ ಜಾರಿಯಲ್ಲಿದೆ, ಅದರ ಹೆಸರು ವರ್ಗಾವಣೆ. ಚಲಾಯಿಸುವವರು ಮಾತ್ರ ವಿಧಾನಸೌಧದಲ್ಲಿದ್ದಾರೆ. ಆದ್ದರಿಂದ ನಮ್ಮ ಮತಪತ್ರಕ್ಕೆ ಟವೆಲ್ ಕುರ್ಚಿಯನ್ನು ಮೂರನೇ ಚಿಹ್ನೆಯಾಗಿ ಸೇರಿಸಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ.

ಉಳಿದದ್ದು ಮುಕ್ಕಾಲುಪಾಲು ಸದಸ್ಯರ ಸಹಿ. ಹಾಲಿ ಸದಸ್ಯರು ಸೊನ್ನೆ. ಸೊನ್ನೆಯ ಮುಕ್ಕಾಲು ಸೊನ್ನೆ. ಅಷ್ಟೂ ಸಹಿಗಳನ್ನು ಸಂಗ್ರಹಿಸಲಾಗಿದೆ.

ಅಡಕ: ಖಾಲಿ ಹಾಳೆ, ಒಂದು.