ಛತ್ರಿ ಕೇಳಿದ ರಾಯರಿಗೆ

ಏನ್ ರಾಯರೇ, ಛತ್ರಿನಾ? ಇರಿ, ಅದರ ವಿಚಾರ ಆಮೇಲೆ. ಮೊದಲು ಸ್ವಲ್ಪ ಈ ಕಡೆ ಬನ್ನಿ, ಕಣಗಿಲೆ ಗಿಡ ಅಡ್ಡ ಬಂದು ಮುಖಾನೇ ಕಾಣ್ತಿಲ್ಲ. ಮಗ ಟಿಕೆಟ್ ಕಳಿಸಿದನಂತಲ್ಲ, ನಮ್ಮನೆಯವಳು ಹೇಳಿದಳು. ರಾಟರ್‌ಡ್ಯಾಮೇ ತಾನೆ? ಹೋದ ವರ್ಷ ಎರಡು ತಿಂಗಳು ಮಗಳ ಮನೇಲಿ ಅಲ್ಲೇ ಠಿಕಾಣಿ ಹೂಡಿದ್ದೆವಲ್ಲ. ಕೇಳಿ ಹಾಗಾದ್ರೆ.

ಕಾಲುವೆ, ಪಕ್ಕದಲ್ಲಿ ಹಳೇ ಮನೆಗಳ ಸಾಲು, ಮುಂದೆ ನಿಂತು ಫೋಟೋ, ಈ ಆಸೆ ಇದ್ರೆ ರೈಲು ಹತ್ತಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ. ಈ ಊರಲ್ಲಿ ಹಳೇದು ಉಳಿದಿರೋದೇ ಕಮ್ಮಿ. 1940ರ ಮೇ 14ರ ಮಧ್ಯಾಹ್ನ ಜರ್ಮನ್ ವಿಮಾನಗಳು ಬಾಂಬ್ ಹಾಕಿದ್ದು ಹೆಚ್ಚೂಕಮ್ಮಿ ಕಾಲು ಗಂಟೆ. ಮಿಕ್ಕಿದ್ದನ್ನ ಬೆಂಕಿ ನೋಡ್ಕೊಂಡಿತು. ಸುಮಾರು 80,000 ಜನಕ್ಕೆ ಸೂರಿಲ್ಲ. ಬೆಂಕಿ ಎಲ್ಲೀವರೆಗೆ ಬಂದಿತ್ತೋ ಆ ಗಡಿ ಉದ್ದಕ್ಕೂ ಫುಟ್‌ಪಾತಿನಲ್ಲಿ ದುಂಡನೆಯ ದೀಪ ಹೂತಿದ್ದಾರೆ. ನಾನು ಮೊದಲ ದಿನ ಯಾವುದೋ ಮೋರಿ ಮುಚ್ಚಳ ಅಂದ್ಕೊಂಡು ತುಳ್ಕೊಂಡೇ ಹೋದೆ. ಮಗಳು ಹೇಳಿದ ಮೇಲೆ ಬಗ್ಗಿ ನೋಡ್ತೀನಿ, ಉರಿಯ ಗುರುತು. ಅವತ್ತಿಂದ ಯಾವ ರಸ್ತೇಲಿ ನಡೆದ್ರೂ, ಇದು ಗೆರೆ ಒಳಗಾ ಹೊರಗಾ ಅಂತ ನೆಲ ನೋಡ್ಕೊಂಡೇ ಓಡಾಡಿದ್ದು.

ಗೆರೆ ಒಳಗೆ ಮನಸ್ಸಿಗೆ ಬಂದ ಹಾಗೆ ಕಟ್ಟಿದ್ದಾರೆ. ಬ್ಲಾಕ್ ಸ್ಟೇಷನ್ ಎದುರಿಗೆ ಹಳದಿ ಡಬ್ಬಗಳನ್ನ ಮೂಲೆ ಮೇಲೆ ನಿಲ್ಲಿಸಿದ ಹಾಗೆ ಮನೆಗಳಿವೆ. ಪೀಟ್ ಬ್ಲೊಮ್ ಅನ್ನೋ ಮಹಾನುಭಾವನ ಲೆಕ್ಕಾಚಾರ, 1984ರದು. ಅದರಲ್ಲಿ ಸಂಸಾರಗಳಿವೆ ರಾಯರೇ! ಒಂದು ಮನೆ ಮಾತ್ರ ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಗೋಡೆಗೆ ಒರಗೋಣ ಅಂದ್ರೆ ಗೋಡೆಯೇ ಬಂದು ನಮ್ಮ ಮೇಲೆ ಒರಗತ್ತೆ. ಕಿಟಕಿ ತೆಗೆದ್ರೆ ಕಾಲಡಿ ರಸ್ತೆ. ನಮ್ಮನೆಯವಳು ಸುತ್ತ ಒಂದ್ಸಲ ನೋಡಿ ಕೇಳಿದ್ದು ಒಂದೇ ಮಾತು: "ಇವರು ಕ್ಯಾಲೆಂಡರ್ ಎಲ್ಲಿ ನೇತುಹಾಕ್ತಾರೆ?"

ಅಲ್ಲೇ ಎದುರಿಗೆ ಮಾರ್ಕ್ಟ್‌ಹಾಲ್. ಕುದುರೆ ಲಾಳವನ್ನ ನಿಲ್ಲಿಸಿದ ಹಾಗಿದೆ, 2014ರಲ್ಲಿ ತೆರೆದದ್ದು. ಲಾಳದ ಒಳಗೆ ಸಂತೆ, ಲಾಳದ ದಪ್ಪದಲ್ಲಿ 228 ಮನೆ. ಸೂರಿನ ತುಂಬ ಆನೆ ಗಾತ್ರದ ಹಣ್ಣು, ತರಕಾರಿ, ಮೀನು. ಕತ್ತು ನೋಯೋವರೆಗೂ ನೋಡಿ; ಅದಕ್ಕೆ ದುಡ್ಡಿಲ್ಲ. ತಿನ್ನೋಕೆ ಹೋದ್ರೆ ಮಾತ್ರ ಜೇಬು ಭದ್ರ. ಕೊತ್ತಂಬರಿ, ಮೆಣಸಿನಕಾಯಿಗೆ ಪಕ್ಕದ ಬಯಲು ಸಂತೇನೇ ವಾಸಿ, ಮಂಗಳವಾರ ಶನಿವಾರ ಸೇರತ್ತೆ. ಹಾಂ, ಮಗ 'ಕಾಪ್‌ಸಲಾನ್ ತಿನ್ನೋಣ ಬಾಪ್ಪ' ಅಂದ್ರೆ ಹೂಂ ಅಂದುಬಿಟ್ಟೀರಿ. ಆ ಪದಕ್ಕೆ ಅರ್ಥ ಕ್ಷೌರದಂಗಡಿ! ಅಲ್ಲಿನ ಒಬ್ಬ ಕ್ಷೌರಿಕ ಪಕ್ಕದ ಹೋಟೆಲಿನವನ ಹತ್ರ ಆಲೂಗಡ್ಡೆ ಫ್ರೈ, ಮಾಂಸ, ಚೀಸು, ಸೊಪ್ಪು ಎಲ್ಲಾ ಒಂದೇ ತಟ್ಟೆಗೆ ಹಾಕಿಸ್ಕೊಂಡು ತಿಂತಿದ್ದನಂತೆ. ಅದೇ ಊರಿನ ಹೆಮ್ಮೆಯ ತಿಂಡಿ ಆಗಿ ಕೂತಿದೆ.

ನನ್ನ ಕೇಳಿದ್ರೆ ಇದೆಲ್ಲ ಇರಲಿ, ಮಾಸ್ ನದಿ ಅಡಿಯ ಸುರಂಗಕ್ಕೆ ಹೋಗಿ. ಕಾರಿಗೆ ಬೇರೆ, ಸೈಕಲ್ಲಿಗೆ ಬೇರೆ, ನಡೆಯೋರಿಗೆ ಬೇರೆ ದಾರಿ. 1942ರಲ್ಲಿ ತೆರೆದದ್ದು. ಇಳಿಯೋಕೆ ಮರದ ಎಸ್ಕಲೇಟರು. ಹೌದು, ಮರದ್ದೇ! ಮೆಟ್ಟಿಲು ಕಟಕಟ ಅಂತ ಹಳೇ ಗಾಣದ ಹಾಗೆ ಸದ್ದು ಮಾಡ್ಕೊಂಡು ಇಳಿಯತ್ತೆ. ನನ್ನ ಮುಂದೆ ಒಬ್ಬ ಮುದುಕಿ ಸೈಕಲ್ ಬ್ರೇಕ್ ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಸೇಬು ತಿಂತಾ ನಿಂತಿದ್ದಳು, ದಿನಾ ಮಾಡೋ ಕೆಲಸದ ಹಾಗೆ. ನಾನು ಸುಮ್ಮನೆ ಮೂರು ಸಲ ಹತ್ತಿ ಇಳಿದೆ. ಮಗಳಿಗೆ ನಾಚಿಕೆ.

ಆ ಊರಿನವರಿಗೆ ಕೆಲಸಕ್ಕೆ ಬರೋ ವಸ್ತು ಅಂದ್ರೆ ಅಭಿಮಾನ. ಅಲ್ಲಿ ಅಂಗಿ ಮಾರೋದೇ ತೋಳು ಮಡಚಿಯಂತೆ, ಅವರೇ ಹೇಳ್ಕೊಳ್ಳೋ ಜೋಕು. 1927ರದೊಂದು ಕಬ್ಬಿಣದ ರೈಲು ಸೇತುವೆ ಇದೆ, ಡಿ ಹೆಫ್ ಅಂತ, ನಡುಭಾಗ ಲಿಫ್ಟಿನ ಹಾಗೆ ಮೇಲೇಳತ್ತೆ. ಈಗ ಅದರ ಮೇಲೆ ರೈಲೇ ಇಲ್ಲ, ಆದ್ರೂ ಕೆಡವೋಕೆ ಬಿಟ್ಟಿಲ್ಲ. 2022ರಲ್ಲಿ ಅಮೆಜಾನ್ ಧಣಿಯ ಹೊಸ ಹಾಯಿಹಡಗಿನ ಕಂಬಗಳು ತೂರಲ್ಲ, ಸೇತುವೆಯನ್ನ ಸ್ವಲ್ಪ ಬಿಚ್ಚಿಡೋಣ ಅಂತ ಮಾತು ಬಂತು. ಊರಿನವರು ಕೊಳೆತ ಮೊಟ್ಟೆ ತಗೊಂಡು ಬರ್ತೀವಿ ಅಂದ್ರು! ಕೊನೆಗೆ ಕಂಬ ನೆಡದೆ ಬೋಳು ಹಡಗನ್ನೇ ರಾತ್ರೋರಾತ್ರಿ ಬೇರೆ ದಾರೀಲಿ ಎಳ್ಕೊಂಡು ಹೋದರು.

ಬಂದರಾ? ಯುರೋಪಿನಲ್ಲೇ ದೊಡ್ಡದು. ಊರಿಂದ ಸಮುದ್ರದವರೆಗೆ ಸುಮಾರು 40 ಕಿಲೋಮೀಟರ್ ಬರೀ ಕ್ರೇನು, ಟ್ಯಾಂಕು, ಕಂಟೇನರು. ತುದೀಲಿ ಡ್ರೈವರಿಲ್ಲದ ಗಾಡಿಗಳು ಕಂಟೇನರ್ ಹೊತ್ಕೊಂಡು ತಮ್ಮ ಪಾಡಿಗೆ ಓಡಾಡ್ತಿರ್ತವೆ. ಒಂದು ದಿನ ದೋಣೀಲಿ ಹೋಗಿ ನೋಡ್ಕೊಂಡು ಬನ್ನಿ. ಕಿಂಡರ್‌ಡೈಕಿನ 19 ಗಾಳಿಗಿರಣಿಗೂ ದೋಣಿ ಇದೆ, ಅಮ್ಮಾವ್ರಿಗೆ ಹಿಡಿಸತ್ತೆ.

ಏನಂದ್ರಿ? ಹಾಂ, ಛತ್ರಿ. ಎರಾಸ್ಮಸ್ ಸೇತುವೆ ಅಂತ ಇದೆ, ಬೆಳ್ಳಗೆ, ಹಂಸ ಅಂತಾನೇ ಕರೀತಾರೆ. 1996ರಲ್ಲಿ ತೆರೆದ ವರ್ಷವೇ ಗಾಳಿ ಮಳೆ ಎರಡೂ ಒಟ್ಟಿಗೆ ಹೊಡೆದು ಅದರ ಉಕ್ಕಿನ ಹಗ್ಗಗಳು ಕುಣಿದು, ಸೇತುವೆ ಮುಚ್ಚಿ, ಅಲುಗಾಟ ತಡೆಯೋ ಸಲಕರಣೆ ಜೋಡಿಸಬೇಕಾಯ್ತು. ಅಂಥಾ ಸೇತುವೆ ಪಾಡೇ ಹೀಗಾದ್ರೆ ನನ್ನ ಛತ್ರಿ ಯಾವ ಲೆಕ್ಕ? ನಟ್ಟನಡುವೆ ಕೈ ಬಿಡಿಸ್ಕೊಂಡು ಹೋಗಿ ಮಾಸ್ ನದೀಲಿ ಬಿತ್ತು. ಜರ್ಕಿನ್ ಇದೆ, ಕೊಡ್ತೀನಿ. ತೋಳು ನಿಮಗೆ ಸ್ವಲ್ಪ ಉದ್ದ ಆಗಬಹುದು. ಮಡಚ್ಕೊಳ್ಳಿ.