ಕರಾರು ಮಾವ

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಟೈಪ್ ಮಾಡಿಕೊಡುವವರಿಗೆ ಬರವಿಲ್ಲ, ಸಹಿ ಹಾಕುವವರಿಗೂ ಬರವಿಲ್ಲ. ಓದುವವರು ಮಾತ್ರ ಕುಟುಂಬಕ್ಕೊಬ್ಬರು ಸಿಕ್ಕರೆ ಹೆಚ್ಚು. ಸಾಮಾನ್ಯವಾಗಿ ಅವರು ಸೋದರಮಾವ. ಲೆಕ್ಕಪತ್ರ ವಿಭಾಗದಿಂದ ನಿವೃತ್ತಿ, ಜೇಬಿನಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಮೂಗಿನ ತುದಿಯಲ್ಲಿ ಕನ್ನಡಕ. ಅಕ್ಕನ ಮಗ ದಾವಣಗೆರೆಯಿಂದ ಬಂದು ವಿಜಯನಗರದಲ್ಲಿ ಮನೆ ಹಿಡಿಯುವ ದಿನ ಅವರಿಗೆ ಕರೆ ಹೋಗುತ್ತದೆ. ಹೋಗದಿದ್ದರೂ ಬರುತ್ತಾರೆ.

“ಎಲ್ಲಾ ಸ್ಟ್ಯಾಂಡರ್ಡ್ ಸಾರ್, ಸೈನ್ ಹಾಕ್ಬಿಡಿ” ಎಂದು ಬ್ರೋಕರ್ ಹೇಳುತ್ತಿದ್ದಂತೆ ಮಾವ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಎಂದು ಎಣಿಸಿಕೊಳ್ಳಲು ಕಾದಿದ್ದವನ ಮುಖ ಆಗಲೇ ಬಾಡುತ್ತದೆ. ಮಾವ ಮನಸ್ಸಿನಲ್ಲಿ ಓದುವವರಲ್ಲ. ಗಮಕ ವಾಚನವೂ ಅವರದೇ, ವ್ಯಾಖ್ಯಾನವೂ ಅವರದೇ.

ಮೂರನೇ ಪುಟದಲ್ಲಿ ಮೊದಲ ಬೇಟೆ. “ಇಲ್ಲಿ ಇನ್ಯಾರದೋ ಹೆಸರಿದೆಯಲ್ಲ ಸ್ವಾಮಿ, ಅವರೂ ನಮ್ಮ ಹುಡುಗನ ಜೊತೆಗೇ ಇರ್ತಾರಾ?” ಹಿಂದಿನ ಬಾಡಿಗೆದಾರನ ಹೆಸರು ಹಾಗೇ ಉಳಿದಿದೆ. ಓನರ್ ಇಣುಕಿ ನೋಡುತ್ತಾರೆ. ಹತ್ತು ವರ್ಷದಿಂದ ಇದೇ ಕಾಗದವನ್ನು ಎಲ್ಲರಿಗೂ ಕೊಡುತ್ತಿದ್ದರೂ ಅದರೊಳಗೆ ಏನಿದೆ ಎಂಬುದು ಅವರಿಗೂ ಹೊಸ ಸಮಾಚಾರ.

“ಹೆರಿಗೆಗೆ ಒಂಬತ್ತು, ಬಾಡಿಗೆಗೆ ಹನ್ನೊಂದು” ಎಂಬುದು ಮಾವನ ಗಾದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಅದಕ್ಕೇ ಊರಿಗೆ ಊರೇ 11 ತಿಂಗಳಿಗೆ ಕರಾರು ಬರೆಸುತ್ತದೆ. ಮುಂಗಡದ ಪುಟ ಬಂದಾಗ ಮಾವನ ದನಿ ಏರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೇ ಚಾಳಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎಂದಿದೆ. “ಅದು ಬರೀ ಮಾದರಿ ಸಾರ್” ಎನ್ನುತ್ತಾನೆ ಬ್ರೋಕರ್. ನಿಜವೇ. ರಾಜ್ಯ ಒಪ್ಪಿ ಜಾರಿಗೆ ತಂದರಷ್ಟೇ ಅದಕ್ಕೆ ಜೀವ. ಇತ್ತ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಂತೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ಹೊರಗಿಟ್ಟೇ ಹುಟ್ಟಿದ್ದು. ಈಗ ಆ ದುಡ್ಡಿಗೆ ಮನೆಯಿರಲಿ, ಮನೆ ಮುಂದಿನ ಕಾರಿನ ಜಾಗವೂ ಸಿಗುವುದು ಅನುಮಾನ. ಹೀಗಾಗಿ ಕಾಗದದಲ್ಲಿ ಬರೆದದ್ದೇ ವೇದ. ವೇದವನ್ನು ಓದದೆ ಸಹಿ ಹಾಕುವುದುಂಟೇ ಎಂದು ಮಾವ ಪುಟ ತಿರುಗಿಸುತ್ತಾರೆ. ಅಳಿಯ ಮೊಬೈಲಿನಲ್ಲಿ ಮುಖ ಹುದುಗಿಸುತ್ತಾನೆ.

ನಿಜವಾದ ಕಾಳಗ ಪೇಂಟಿಂಗ್ ಷರತ್ತಿನದು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಬಣ್ಣದ ಬಾಬ್ತು ಕಡಿತ.

“ಹುಡುಗ ಆಫೀಸಿಗೆ ಹೋಗೋನು. ರಾತ್ರಿ ಬಂದು ಮಲಗ್ತಾನೆ. ಗೋಡೆಗೆ ಅವನು ಮಾಡೋದಾದ್ರೂ ಏನು?”

“ಇದು ಬೆಂಗಳೂರಿನ ಪದ್ಧತಿ ಸಾರ್.”

ಈ ಒಂದು ಮಾತಿಗೆ ಮಾವ ಕ್ಷಣ ತಡವರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಆದರೆ ಅದೇ ಕಲಂ, ಕರಾರಾಗಲೀ ಸ್ಥಳೀಯ ಪದ್ಧತಿಯಾಗಲೀ ಬೇರೆ ಹೇಳದಿದ್ದರೆ ಮಾತ್ರ ಎಂದೇ ಬಾಯಿ ತೆರೆಯುತ್ತದೆ. ಬ್ರೋಕರನಿಗೆ ಕಾನೂನು ಗೊತ್ತಿಲ್ಲ, ಪುಣ್ಯ. ಆತ ಬಾಯಿ ತಪ್ಪಿ ಆಡಿದ ಸತ್ಯವನ್ನು ಕೇಳಿಸಿಕೊಳ್ಳದವರಂತೆ ಮಾವ ಕೆಂಪು ಗೆರೆ ಎಳೆದು, ‘ಹಾನಿಯಾಗಿದ್ದರೆ ಬಿಲ್ಲು ತೋರಿಸಿ ಕಡಿತ’ ಎಂದು ಬರೆಯುತ್ತಾರೆ.

ಮಿಕ್ಕಿದ್ದೆಲ್ಲ ಚಿಲ್ಲರೆ ಕದನ. ಹುಡುಗ ಬಿಡುವುದಾದರೆ ಎರಡು ತಿಂಗಳ ನೋಟಿಸ್, ಓನರ್ ಬಿಡಿಸುವುದಾದರೆ ಹದಿನೈದು ದಿನ ಎಂದಿತ್ತು. ಇಬ್ಬರಿಗೂ ಎರಡು ತಿಂಗಳಾಯಿತು. ಓನರ್ ಯಾವ ಹೊತ್ತಿನಲ್ಲಾದರೂ ಬಂದು ಮನೆ ನೋಡಬಹುದು ಎಂಬಲ್ಲಿಗೆ ‘ಮೊದಲೇ ಫೋನ್ ಮಾಡಿ’ ಸೇರಿತು. ಬೋರ್‌ವೆಲ್ ಮೋಟರಿನ ರಿಪೇರಿ ಹುಡುಗನ ಹೆಗಲಿನಿಂದ ಇಳಿಯಿತು.

ಮಾವನಿಂದ ಕೈತಪ್ಪಿದ ಮನೆಗಳೂ ಇವೆ, ಅದನ್ನೂ ಹೇಳಬೇಕು. ಬಾಡಿಗೆಯಿಲ್ಲದೆ ಇಡುಗಂಟು ಕೊಟ್ಟು ಇರುವ ಭೋಗ್ಯಕ್ಕೆ ಬೆಂಗಳೂರಿಗರು ಲೀಸ್ ಎನ್ನುತ್ತಾರೆ. ಅಂಥದೊಂದು ಮನೆಯ ಮಾತುಕತೆಯಲ್ಲಿ ಮಾವ ನೋಂದಣಿ ಇಲಾಖೆಯ ಋಣಭಾರ ಪತ್ರ, ಅಂದರೆ ಇಸಿ ಕೇಳಿದರು. ಮನೆಯ ಮೇಲೆ ಸಾಲವಿದ್ದು ಕಂತು ನಿಂತರೆ ಬ್ಯಾಂಕು ಬಾಗಿಲಿಗೆ ನೋಟಿಸ್ ಅಂಟಿಸುತ್ತದೆ, ಒಳಗಿರುವವರ ಲಕ್ಷಗಳು ತೂಗಾಡುತ್ತವೆ. “ಕಾವೇರಿ ನೀರು ಬರದಿದ್ದರೂ ಕಾವೇರಿ ಪೋರ್ಟಲಿನಲ್ಲಿ ಇಸಿ ಬರುತ್ತೆ, ತೆಗೀರಿ” ಎಂದರು. ಆ ಓನರ್ ಮತ್ತೆ ಫೋನ್ ಎತ್ತಲಿಲ್ಲ. ಒಳ್ಳೇ ಗಾಳಿ ಬೆಳಕಿನ ಮನೆ ಹೋಯಿತೆಂದು ಅಕ್ಕ ಆರು ತಿಂಗಳು ಮಾವನ ಜೊತೆ ಮಾತು ಬಿಟ್ಟಿದ್ದಳು.

ವಿಜಯನಗರದ ಓನರ್ ಮಾತ್ರ ಕೊನೆಗೆ ಸಹಿ ಹಾಕಿದರು, ಸೋತು ಸುಣ್ಣವಾಗಿ. ವರ್ಷ ಕಳೆಯುವ ಮುಂಚೆ ಅವರೇ ಮಾವನಿಗೆ ಫೋನ್ ಮಾಡಿದರು. ಮಗಳಿಗೆ ಪುಣೆಯಲ್ಲಿ ಕೆಲಸವಾಗಿದೆ, ಫ್ಲ್ಯಾಟಿನ ಕರಾರು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದಾರೆ, ಸ್ವಲ್ಪ ನೋಡಿಕೊಡಬಹುದೇ? ಅಲ್ಲೂ 11 ತಿಂಗಳೇ, ನೋಂದಣಿ ಬೇಡ ಎನ್ನುತ್ತಿದ್ದಾರಂತೆ.

ಮಾವ ಕನ್ನಡಕ ಏರಿಸಿದರು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಕಲಂ ಪ್ರಕಾರ ಕರಾರು 11 ತಿಂಗಳದ್ದಾದರೂ ನೋಂದಣಿ ಕಡ್ಡಾಯ, ಅದನ್ನು ಮಾಡಿಸುವ ಹೊಣೆ ಓನರಿನದೇ. ಪುಣೆಗೆ ರೈಲು ಎಷ್ಟು ಹೊತ್ತಿಗೆ ಎಂದು ಅವರು ಕೇಳಿದ್ದಾರೆ.